ಮಾಣಿಕಮ್ಮನ ದೀಕ್ಷಾಸ್ನಾನ

2023ರಲ್ಲಿ ನಾನು ಭಾಲ್ಕಿಯಲ್ಲಿ ಸಭಾಪಾಲಕನಾಗಿದ್ದೆ. ಸಭಾಪಾಲಕ ಎಂದರೆ ಜನ ಪಾಸ್ಟರ್ ಎಂದು ಕರೆಯುವವನು. ಮೂವತ್ತೊಂದು ವರ್ಷದ ಸೇವೆಯಲ್ಲಿ ಅದು ನನ್ನ ಏಳನೆಯ ಊರು. ಪಟ್ಟಣದ ಚರ್ಚಿನ ಜೊತೆಗೆ ಕಮಲನಗರ ಮತ್ತು ಔರಾದ ಕಡೆಯ ಆರು ಹಳ್ಳಿಗಳ ಸಭೆಗಳೂ, ಅಂದರೆ ಕ್ರೈಸ್ತ ಸಮುದಾಯಗಳೂ, ನನ್ನ ಪಾಲಿಗಿದ್ದವು. ಭಾನುವಾರ ಬೆಳಿಗ್ಗೆ ಭಾಲ್ಕಿಯಲ್ಲಿ ಆರಾಧನೆ ಮುಗಿಸಿ ಮೋಟಾರ್ ಸೈಕಲ್ ಹತ್ತಿದರೆ ಮಧ್ಯಾಹ್ನ ಒಂದು ಹಳ್ಳಿ, ಸಂಜೆ ಇನ್ನೊಂದು. ಈಗ ನಿವೃತ್ತನಾಗಿ ಬೀದರಿನ ನೌಬಾದದಲ್ಲಿದ್ದೇನೆ. ಎಷ್ಟು ಜನರಿಗೆ ದೀಕ್ಷಾಸ್ನಾನ ಕೊಟ್ಟಿದ್ದೀರಿ ಎಂದು ಕೆಲವರು ಕೇಳುತ್ತಾರೆ. ಆ ಲೆಕ್ಕ ಆಯಾ ಊರಿನ ರಿಜಿಸ್ಟರುಗಳಲ್ಲಿದೆ. ನಾನು ಬರೆಯಬೇಕೆಂದಿರುವುದು, ಕೊಡಬೇಕಾಗಿದ್ದೂ ಕೊಡದೆ ಹೋದ ಒಂದು ದೀಕ್ಷಾಸ್ನಾನದ ಬಗ್ಗೆ.

ಓದುಗರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರಾದ್ದರಿಂದ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಯೇಸುವನ್ನು ನಂಬಿದವನು ಸಭೆಯ ಮುಂದೆ ನಿಂತು ಆ ನಂಬಿಕೆಯನ್ನು ಬಾಯಿಬಿಟ್ಟು ಹೇಳಿ ನೀರಿನ ಗುರುತು ಪಡೆಯುವುದೇ ದೀಕ್ಷಾಸ್ನಾನ. ನಮ್ಮ ಸಭೆಯಲ್ಲಿ ತಲೆಯ ಮೇಲೆ ನೀರು ಹಾಕುತ್ತೇವೆ, ಕೆಲವರು ಕೆರೆಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ಮನುಷ್ಯನಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ನಂಬಿಕೆಯೊಂದರಿಂದಲೇ ಸಿಗುತ್ತದೆಯೋ ಅಥವಾ ನೀರೂ ಬೇಕೋ ಎಂಬುದು ನಮ್ಮಲ್ಲಿ ಬಹಳ ಹಳೆಯ ವಾದ. ನಾವು ಕಲಿತದ್ದು, ರಕ್ಷಿಸುವುದು ದೇವರ ಕೃಪೆ, ಅದನ್ನು ಹಿಡಿಯುವ ಕೈ ನಂಬಿಕೆ, ನೀರು ಅದರ ಮುದ್ರೆ ಎಂದು. ಕಲಿತದ್ದು ಹಾಗೆ. ಆದರೆ ನಡೆಸಿಕೊಂಡು ಬಂದದ್ದು ಬೇರೆಯೇ ಇತ್ತು. ದೀಕ್ಷಾಸ್ನಾನವಾಗದವರಿಗೆ ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ಮರಣವನ್ನು ನೆನೆದು ಸಭೆ ಹಂಚಿಕೊಳ್ಳುವ ಊಟದಲ್ಲಿ, ರೊಟ್ಟಿ ಇಲ್ಲ, ಸಭೆಯ ಸಮಾಧಿ ಭೂಮಿಯಲ್ಲಿ ಜಾಗ ಇಲ್ಲ.

ಮಾಣಿಕಮ್ಮ ಔರಾದ ತಾಲ್ಲೂಕಿನ ಒಂದು ಹಳ್ಳಿಯವಳು. ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಐವತ್ತರ ಆಸುಪಾಸು ವಯಸ್ಸು, ಸಣ್ಣ ಮೈಕಟ್ಟು, ಒಗ್ಗರಣೆ ಹೊಗೆಗೆ ಸದಾ ಕೆಂಪಾಗಿರುತ್ತಿದ್ದ ಕಣ್ಣು. ಒಂಬತ್ತು ವರ್ಷದ ಮಗ ಜ್ವರದಲ್ಲಿ ತೀರಿಕೊಂಡಾಗ ಸಭೆಯ ಹೆಂಗಸರು ದಿನವೂ ಅವಳ ಮನೆಗೆ ಹೋಗಿ ಕೂತರಂತೆ. "ಅವರು ಏನೂ ಬೋಧನಾ ಮಾಡ್ಲಿಲ್ರಿ. ಸುಮ್ಮ ಕೂತ್ರು. ರೊಟ್ಟಿ ಬಡದು ಹೋದ್ರು" ಎಂದು ಒಮ್ಮೆ ನನಗೆ ಹೇಳಿದ್ದಳು. ಅಲ್ಲಿಂದ ಚರ್ಚಿಗೆ ಬರತೊಡಗಿದವಳು ಹನ್ನೊಂದು ವರ್ಷ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ಗಂಡ ಘಾಳೆಪ್ಪ ಎಂದೂ ಬರಲಿಲ್ಲ, ಎಂದೂ ತಡೆಯಲೂ ಇಲ್ಲ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ಹೊತ್ತಿಗೆ ಯಾರೂ ಹೇಳುವ ಮೊದಲೇ ಮಾಣಿಕಮ್ಮ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಿದ್ದಳು. ಒಳಗಿದ್ದ ತಾಯಂದಿರ ಕೂಸುಗಳನ್ನು ಅಲ್ಲಿ ಸಮಾಧಾನ ಮಾಡುತ್ತ ಕೂಡುತ್ತಿದ್ದಳು.

ದೀಕ್ಷಾಸ್ನಾನ ಏಕೆ ತೆಗೆದುಕೊಂಡಿರಲಿಲ್ಲ ಎಂದರೆ, ಕಾರಣ ಅವಳ ಮಗಳು ಸುನೀತಾ. ಅವರದು ಪರಿಶಿಷ್ಟ ಜಾತಿ. ಕ್ರೈಸ್ತರಾದರೆ ಆ ಜಾತಿಯ ಮೀಸಲಾತಿ ಕಾನೂನಿನ ಪ್ರಕಾರ ಸಿಗುವುದಿಲ್ಲ. ತಾಯಿ ಸಭೆಗೆ ಸೇರಿದರೆ ಮಗಳ ಪ್ರಮಾಣಪತ್ರಕ್ಕೆ ತೊಡಕಾದೀತೆಂಬ ಭಯ. ನಮ್ಮ ಕಡೆ ಇದಕ್ಕೆ ಅನೇಕರು ಒಂದು ದಾರಿ ಕಂಡುಕೊಂಡಿದ್ದಾರೆ. ಚರ್ಚಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ನಾನೂ ಅದನ್ನು ಕಂಡೂ ಕಾಣದಂತೆ ಇದ್ದವನೇ. ಮಾಣಿಕಮ್ಮನಿಗೆ ಅದನ್ನು ಸೂಚಿಸಿದಾಗ ಅವಳು ತಲೆ ಅಲ್ಲಾಡಿಸಿದಳು.

"ದೇವರ ಮುಂದ ಒಂದ ಹೆಸರು, ಸರಕಾರದ ಮುಂದ ಒಂದ ಹೆಸರು, ಅದು ನನ್ನ ಕೈಲಿಂದ ಆಗಲ್ರಿ ಪಾಸ್ಟರ್ ಸಾಬ. ಹುಡುಗಿಗಿ ನೌಕರಿ ಹತ್ತಲಿ. ಆಮ್ಯಾಲ ಎಲ್ಲಾರ ಮುಂದ ಖುಲ್ಲಾ ತಗೋತೇನಿ."

ಸುನೀತಾ ಬಿ.ಎಡ್. ಮುಗಿಸಿ ಶಿಕ್ಷಕರ ನೇಮಕಾತಿಯ ಆಯ್ಕೆ ಪಟ್ಟಿಯಲ್ಲಿ ಬಂದಳು. ಉಳಿದದ್ದು ಸಿಂಧುತ್ವ ಪ್ರಮಾಣಪತ್ರ. ಜಾತಿ ಪ್ರಮಾಣಪತ್ರ ಸರಿಯಾದದ್ದೇ ಎಂದು ವಿಚಾರಣೆ ನಡೆಸಿ ಕೊಡುವ ಕಾಗದ ಅದು. ಅಷ್ಟರಲ್ಲಿ, ಈ ಮನೆಯವರು ಕ್ರೈಸ್ತರು ಎಂದು ಯಾರೋ ಹೆಸರಿಲ್ಲದ ಅರ್ಜಿ ಹಾಕಿದರು. ಕಡತ ನಿಂತಿತು. ಅದೇ ತಿಂಗಳು ಮಾಣಿಕಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಬಹಳ ತಡವಾಗಿತ್ತು. ಕಲಬುರಗಿಗೆ ಹೋಗಿ ಬಂದರು. ಏಪ್ರಿಲ್ ಹೊತ್ತಿಗೆ ಮೂತ್ರಪಿಂಡವೂ ಕೈಬಿಟ್ಟು, ಬೀದರಿನ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿಗೆ ಬಂದು ಬಿದ್ದಳು.

ಇಲ್ಲಿ ನಾನು ನನ್ನ ಒಂದು ಪ್ರಸಂಗದ ವಿಷಯ ಹೇಳಲೇಬೇಕು. ಪ್ರಸಂಗ ಎಂದರೆ ಆರಾಧನೆಯಲ್ಲಿ ಮಾಡುವ ಬೋಧನೆ. ಹಿಂದಿನ ಡಿಸೆಂಬರ್‌ನಲ್ಲಿ ಕಮಲನಗರದಲ್ಲಿ ಎಲ್ಲ ಹಳ್ಳಿಗಳವರೂ ಕೂಡಿದ್ದ ಸಭೆಯಲ್ಲಿ ನಾನು ದೀಕ್ಷಾಸ್ನಾನದ ಬಗ್ಗೆ ಮಾತಾಡಿದ್ದೆ. ಓದಿದ ಕೆಲವು ತರುಣರು ಇವತ್ತು ನಾಳೆ ಎನ್ನುತ್ತ ಕಾಲ ತಳ್ಳುತ್ತಿದ್ದರು. ಅವರನ್ನು ಎಬ್ಬಿಸಬೇಕೆಂದು ದನಿ ಏರಿಸಿ, "ನಂಬಿದ್ದೇನೆ ಎನ್ನುತ್ತ ಬಾಗಿಲ ಹೊರಗೆ ನಿಂತವನು ಮನೆಯವನಲ್ಲ. ಮಳೆ ಬಂದ ದಿನ ಹೊರಗೇ ನೆನೆಯುತ್ತಾನೆ" ಎಂದಿದ್ದೆ. ಜನ ಮೆಚ್ಚಿದರು. ನನಗೂ ಆ ಮಾತಿನ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಮಾಣಿಕಮ್ಮ ಕೂತಿದ್ದಾಳೆಂದು ನಾನು ಯೋಚಿಸಿರಲಿಲ್ಲ.

ಆಸ್ಪತ್ರೆಗೆ ನಾನು ಹೋದದ್ದು ಶುಕ್ರವಾರ ಮಧ್ಯಾಹ್ನ. ಎಂಟು ಮಂಚದ ವಾರ್ಡು. ಮಾಣಿಕಮ್ಮನ ಮುಖ, ಕಾಲು ಬಾತಿದ್ದವು. ತಲೆದಿಂಬಿನ ಪಕ್ಕ ಸುನೀತಾ ಇದ್ದಳು. ಪಕ್ಕದ ಮಂಚದಲ್ಲಿ ತನ್ನ ಸೊಸೆಯನ್ನು ನೋಡಿಕೊಳ್ಳುತ್ತ ಚಾಂದಬೀ ಎಂಬ ವಯಸ್ಸಾದ ಹೆಂಗಸು ಇದ್ದಳು. ನಾನು ಪ್ರಾರ್ಥನೆ ಮಾಡಿ ಕಣ್ಣು ತೆರೆದಾಗ ಮಾಣಿಕಮ್ಮ ನನ್ನ ಅಂಗಿಯ ತೋಳು ಹಿಡಿದಿದ್ದಳು.

"ಪಾಸ್ಟರ್ ಸಾಬ, ನೀರು ಬೀಳಲಾರದ ಸತ್ರ ನಾ ಯೇಸುನ ಹತ್ರ ಹೋಗ್ತೇನೋ ಇಲ್ಲೋ? ಖರೆ ಹೇಳ್ರಿ."

"ಹೋಗ್ತೀರಿ. ನಂಬಿದವರನ್ನ ಆತ ಬಿಡಂಗಿಲ್ಲ. ನೀರು ಬರೇ ಗುರುತು" ಎಂದೆ.

ಅವಳು ನನ್ನನ್ನೇ ನೋಡಿದಳು. ಸಿಟ್ಟಿನ ನೋಟವಾಗಿರಲಿಲ್ಲ. ತಿಳಿದುಕೊಳ್ಳಬೇಕೆಂಬ ನೋಟ.

"ಹಂಗಾದ್ರ ಹನ್ನೊಂದು ವರ್ಷ ನನಗ ಹೊರಗ ಯಾಕ ಕೂಡಸಿದ್ರಿ?"

ಧರ್ಮಶಾಸ್ತ್ರದ ಪರೀಕ್ಷೆಯಲ್ಲಿ ನಾನು ಮೊದಲ ದರ್ಜೆಯಲ್ಲಿ ಪಾಸಾದವನು. ಈ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ. ನೀರು ಬರೀ ಗುರುತು ಎಂದರೆ ಕಟ್ಟೆಯ ಮೇಲೆ ಕೂತ ಅವಳ ಅಷ್ಟು ವರ್ಷಗಳಿಗೆ ಅರ್ಥವಿಲ್ಲ. ನೀರಿಲ್ಲದೆ ಆಗದು ಎಂದರೆ ಅವಳ ನಂಬಿಕೆಗೆ ಬೆಲೆಯಿಲ್ಲ. ನಾವು ಎರಡನ್ನೂ ಹೇಳುತ್ತ ಬಂದಿದ್ದೆವು, ನಮಗೆ ಅನುಕೂಲವಾದಂತೆ.

ಅವಳೇ ಮುಂದುವರಿದಳು. "ಇವತ್ತ ಹಾಕ್ರಿ ನೀರು. ಇಲ್ಲೇ ಹಾಕ್ರಿ. ನನಗ ದಿನ ಇಲ್ರಿ."

ಸುನೀತಾ ನನ್ನನ್ನು ಹೊರಗೆ ವರಾಂಡಕ್ಕೆ ಕರೆದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಪಾಸ್ಟರ್, ಸೋಮವಾರ ಮಂಗಳವಾರದಾಗ ವಿಚಾರಣೆಗಿ ಬರ್ತಾರಂತ. ನಿಮ್ಮ ರಿಜಿಸ್ಟರ್ ನೋಡ್ತಾರ. ಇಷ್ಟು ದಿನ ತಡದೀವಿ, ಇನ್ನೊಂದು ಹದಿನೈದು ದಿನ ತಡೀರಿ. ಅವ್ವ ಅಷ್ಟು ದಿನ ಇರ್ತಾಳ. ಡಾಕ್ಟರ್ ಹೇಳ್ಯಾರ." ಡಾಕ್ಟರ್ ಹಾಗೆ ಹೇಳಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ದೀಕ್ಷಾಸ್ನಾನ ಕೊಟ್ಟರೆ ರಿಜಿಸ್ಟರಿನಲ್ಲಿ ಬರೆಯಬೇಕು, ಸಭೆಯ ಹಿರಿಯನೊಬ್ಬ ಸಾಕ್ಷಿ ಇರಬೇಕು. ಇದು ನಮ್ಮ ನಿಯಮ. ಅದರ ಮೇಲೆ, ಮತಾಂತರದ ಕುರಿತು ಹಿಂದಿನ ವರ್ಷ ಬಂದಿದ್ದ ಹೊಸ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ಮುಂಚಿತವಾಗಿ ತಿಳಿಸಬೇಕಿತ್ತು. ಇವೆಲ್ಲ ನಿಜವಾದ ಕಾರಣಗಳು. ಆದರೆ ಈಗ ಬಚ್ಚಿಟ್ಟು ಪ್ರಯೋಜನವಿಲ್ಲ. ಅವತ್ತು ನನ್ನನ್ನು ತಡೆದದ್ದು ನಿಯಮವಲ್ಲ, ಮಗಳ ಕಣ್ಣೀರೂ ಅಲ್ಲ. ನನಗೆ ಹೆದರಿಕೆಯಾಗಿತ್ತು. ವಾರ್ಡಿನಲ್ಲಿ ಇನ್ನೂ ಏಳು ಮಂಚ, ಅವರ ಜೊತೆಗೆ ಬಂದವರು, ಅವರ ಕೈಯಲ್ಲಿ ಮೊಬೈಲು. ಆಸ್ಪತ್ರೆಯಲ್ಲಿ ಪಾದ್ರಿಯೊಬ್ಬ ರೋಗಿಯ ತಲೆಗೆ ನೀರು ಹಾಕುವ ವಿಡಿಯೊ ಹೇಗೆ ಊರು ಸುತ್ತುತ್ತದೆಂದು ಊಹಿಸಿಕೊಂಡೆ. ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ.

ಒಳಗೆ ಬಂದಾಗ ಚಾಂದಬೀ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಏನರೆ ಮಾಡೋದಿದ್ರ ಮಾಡ್ರಿ ಸಾಬ. ಪರದೆ ಎಳಿತೇನಿ. ಯಾರೂ ಏನೂ ಅನ್ನಲ್ಲ, ಬೀಮಾರ್ ಹೆಣ್ಮಗಳು" ಎಂದಳು. ಮಂಚದ ಸುತ್ತಿನ ಹಸಿರು ಪರದೆಗೆ ಕೈ ಹಾಕಿಯೂ ಬಿಟ್ಟಿದ್ದಳು.

ನಾನು ಮಾಣಿಕಮ್ಮನಿಗೆ, "ಐತವಾರ ಆರಾಧನಾ ಮುಗಿಸಿ ಮೇಲಿನವರನ್ನ ಕೇಳಿ ಸೋಮವಾರ ಬರ್ತೇನಿ. ಹಿರಿಯರನ್ನೂ ಕರಕೊಂಡು ಬರ್ತೇನಿ. ಅಲ್ಲಿ ತನಕ ತಡೀರಿ" ಎಂದೆ.

ಅವಳು ನನ್ನ ತೋಳು ಬಿಟ್ಟಳು. "ತಡದು ರೂಢಿ ಅದರಿ" ಎಂದಳು.

ಸೋಮವಾರ ನಾನು ಆಸ್ಪತ್ರೆ ಮುಟ್ಟಿದಾಗ ಬೆಳಿಗ್ಗೆ ಹತ್ತು ಗಂಟೆ. ಮಂಚದ ಮೇಲೆ ಬೇರೊಬ್ಬ ರೋಗಿ ಮಲಗಿದ್ದಳು. ಮಾಣಿಕಮ್ಮ ಏಳರ ಹೊತ್ತಿಗೆ ತೀರಿಕೊಂಡಿದ್ದಳು. ಸುನೀತಾ ವರಾಂಡದ ಬೆಂಚಿನ ಮೇಲೆ ಕೂತಿದ್ದಳು, ಕೈಯಲ್ಲಿ ಖಾಲಿ ನೀರಿನ ಬಾಟಲಿ. ನನ್ನನ್ನು ನೋಡಿ ಏಳಲಿಲ್ಲ.

"ಆರು ಗಂಟೆಗಿ ಉಸಿರು ಎಳೀಲತ್ತಳು. ನೀರು, ನೀರು ಅಂದಳು. ಕುಡಿಸಲಿಕ್ಕ ಹೋದ್ರ ಬಾಯಿ ತಿರುವಿದಳು. ಆಮ್ಯಾಲ ನನಗ ತಿಳೀತು ಯಾವ ನೀರಂತ. ಚಾಂದಬೀ ಖಾಲಾ ತಲಿ ಎತ್ತಿ ಹಿಡದಳು. ನಾ ಹಾಕಿದೆ. ಮೂರು ಸಲ ಹಾಕಿದೆ. ನೀವು ಚರ್ಚಿನಾಗ ಅನ್ನೋ ಮಾತು ಸಣ್ಣಕಿದ್ದಾಗ ಕೇಳಿದ್ದು, ತಂದೆಯ, ಮಗನ ಅಂತ, ಅಷ್ಟ ಅಂದೆ. ಪೂರಾ ಬಂತೋ ಇಲ್ಲೋ ಗೊತ್ತಿಲ್ಲ." ಬಾಟಲಿಯನ್ನು ಬೆಂಚಿನ ಮೇಲಿಟ್ಟು ಕೇಳಿದಳು. "ನನಗ ಆಗಿಲ್ಲ ದೀಕ್ಷಾಸ್ನಾನ. ನಾ ಹಾಕಿದ್ದು ನಡೀತದೇನ್ರಿ?"

"ನಡೀತದವ್ವ" ಎಂದೆ. ಆ ವಾರದಲ್ಲಿ ನಾನು ಅಂಜದೆ ಆಡಿದ ಮೊದಲ ಮಾತು ಅದು.

ಮಧ್ಯಾಹ್ನದ ಹೊತ್ತಿಗೆ ಆಂಬುಲೆನ್ಸ್ ಊರು ಸೇರಿತು. ಘಾಳೆಪ್ಪನ ಅಣ್ಣತಮ್ಮಂದಿರು ತಮ್ಮ ಸ್ಮಶಾನದಲ್ಲಿ ಹೂಳಲು ಒಪ್ಪಲಿಲ್ಲ. "ಹನ್ನೊಂದು ವರ್ಷ ನಮ್ಮ ದೇವರ ಕಡಿ ಹೊಳ್ಳಿ ನೋಡಲಿಲ್ಲ. ಆಕಿ ಅವರಾಕಿ. ಅವರೇ ಒಯ್ಯಲಿ" ಎಂದರು. ಹಾಗಾಗಿ ನಮ್ಮ ಸಮಾಧಿ ಭೂಮಿಗೆ ಬಂದೆವು. ಆ ಕಡೆಯ ಐದಾರು ಹಳ್ಳಿಗಳಿಗೆ ಸೇರಿ ಇರುವ ಒಂದೇ ಜಾಗ ಅದು, ಸುತ್ತ ಕಲ್ಲಿನ ಗೋಡೆ, ಕಬ್ಬಿಣದ ಗೇಟು. ಗೇಟಿನ ಬೀಗದ ಕೈ ಇದ್ದದ್ದು ಸಭೆಯ ಹಿರಿಯರಾದ ದಾನಿಯೇಲ ಮಾಸ್ತರರ ಹತ್ತಿರ. ನಿವೃತ್ತ ಶಿಕ್ಷಕರು, ಕಟ್ಟುನಿಟ್ಟಿನವರು, ಕೆಟ್ಟವರಲ್ಲ. ಮಾಣಿಕಮ್ಮ ಬೇಯಿಸಿದ್ದನ್ನು ಅದೇ ಶಾಲೆಯಲ್ಲಿ ಎಷ್ಟೋ ವರ್ಷ ಉಂಡವರು.

"ರಿಜಿಸ್ಟರಿನಾಗ ಹೆಸರಿಲ್ಲ, ಪಾಸ್ಟರ್" ಎಂದರು. "ಇವತ್ತು ಒಬ್ಬರಿಗಿ ಬಿಟ್ರ ನಾಳೆ ಯಾರಿಗಿ ಇಲ್ಲನ್ನೋದು? ಬಾಗಿಲ ಹೊರಗ ನಿಂತಾವ ಮನಿಯಾವ ಅಲ್ಲಂತ ನೀವೇ ಹೇಳೀರಿ."

ನನ್ನ ಮಾತು ನನಗೇ ಎದುರು ನಿಂತಿತು. ಏಪ್ರಿಲ್ ಬಿಸಿಲು. ಆಂಬುಲೆನ್ಸಿನ ಚಾಲಕ ಎರಡು ಸಲ ಹಾರ್ನ್ ಹಾಕಿದ. ಮೂರು ತಾಸು ನಾವು ಆ ಗೇಟಿನ ಹೊರಗೆ ನಿಂತೆವು.

ಆಗ ಸುನೀತಾ ಮುಂದೆ ಬಂದಳು. "ಅವ್ವಗ ದೀಕ್ಷಾಸ್ನಾನ ಆಗ್ಯದ. ನಾ ಕೊಟ್ಟೀನಿ. ಪಾಸ್ಟರ್ ನಡೀತದ ಅಂದಾರ. ರಿಜಿಸ್ಟರ್ ತರಸ್ರಿ, ಬರಸ್ತೇನಿ, ಸಹಿನೂ ಮಾಡ್ತೇನಿ."

ಮಾಸ್ತರರು ನನ್ನತ್ತ ನೋಡಿದರು. ನಾನು ಹೌದೆಂದೆ. ರಿಜಿಸ್ಟರು ನನ್ನ ಚೀಲದಲ್ಲೇ ಇತ್ತು, ಅವಳ ತಾಯಿಯ ದೀಕ್ಷಾಸ್ನಾನಕ್ಕೆಂದು ಬೆಳಿಗ್ಗೆ ತಂದಿದ್ದೆ. ಆಂಬುಲೆನ್ಸಿನ ಮುಂಭಾಗದ ಮೇಲೆ ಇಟ್ಟು ತೆರೆದೆ. "ಸುನೀತಾ, ಬರದ ಮ್ಯಾಲ ಅಳಸಲಿಕ್ಕ ಬರಂಗಿಲ್ಲ. ನಾಳೆ ಅವರು ಬಂದು ನೋಡ್ತಾರ" ಎಂದೆ.

"ಬರೀರಿ. ನೌಕರಿ ಬ್ಯಾಡ ನನಗ."

ಪೆನ್ನಿನ ಮುಚ್ಚಳ ತೆಗೆದಿದ್ದೆ. ಆಗ ಘಾಳೆಪ್ಪ ಬಂದು ರಿಜಿಸ್ಟರಿನ ಮೇಲೆ ಕೈಯಿಟ್ಟ.

"ಬರೀಬ್ಯಾಡ್ರಿ ಸಾಬ. ನಿಮ್ಮ ದೇವರು ನನಗ ಗೊತ್ತಿಲ್ಲ. ಆಕಿ ಗೊತ್ತು. ಈ ಹುಡುಗಿ ಸಲುವಾಗಿ ಹನ್ನೊಂದು ವರ್ಷ ತಡದಳು. ಈಗ ನೀವು ಬರದ್ರ ಆಕಿ ತಡದದ್ದೆಲ್ಲ ಮಣ್ಣಾಗ ಹೋಯ್ತು." ಆಮೇಲೆ ಮಾಸ್ತರರ ಕಡೆ ತಿರುಗಿ, "ಮಾಸ್ತರ್ರ, ಒಳಗ ಎಲ್ಲರೆ ಒಂದು ಮೂಲಿ ಕೊಡ್ರಿ. ಆಕಿಗಿ ಜಾಸ್ತಿ ಜಾಗ ಬೇಕಾಗಿಲ್ಲ" ಎಂದ.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಇನ್ನಿಬ್ಬರು ಹಿರಿಯರನ್ನು ಪಕ್ಕಕ್ಕೆ ಕರೆದು ಮಾತಾಡಿ, ಕೊನೆಗೆ ಗೇಟು ತೆರೆದರು. ಷರತ್ತು ಎರಡು. ಸಾಲಿನಲ್ಲಿ ಅಲ್ಲ, ಹಿಂದಿನ ಗೋಡೆಯ ಮೂಲೆಯಲ್ಲಿ, ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಕೂಸುಗಳನ್ನು ಇಡುವ ಕಡೆ. ಮತ್ತು ಸಭೆಯ ಶವಸಂಸ್ಕಾರದ ವಿಧಿ ಇಲ್ಲ, ಒಂದು ಪ್ರಾರ್ಥನೆ ಮಾತ್ರ.

ಮೊದಲ ಷರತ್ತಿಗೆ ನಾನು ತಲೆಬಾಗಿದೆ. ಇನ್ನೂ ವಾದ ಮಾಡಬಹುದಿತ್ತು. ಸಂಜೆಯಾಗುತ್ತಿತ್ತು, ದೇಹ ಕೆಡುತ್ತಿತ್ತು, ಘಾಳೆಪ್ಪ ಆಗಲೇ ಸಲಿಕೆ ಹಿಡಿದಿದ್ದ. ಎರಡನೆಯ ಷರತ್ತನ್ನು ಮುರಿದೆ. ಪೂರ್ತಿ ವಿಧಿಯನ್ನು, ಒಂದು ಸಾಲೂ ಬಿಡದೆ, ಗಟ್ಟಿಯಾಗಿ ನಡೆಸಿದೆ. "ನಮ್ಮ ಸಹೋದರಿ" ಎಂದು ಹೇಳುವ ಕಡೆ ಮಾಣಿಕಮ್ಮ ಎಂದು ಹೆಸರು ಹಿಡಿದೇ ಹೇಳಿದೆ. ಮಾಸ್ತರರು ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು. ತಡೆಯಲಿಲ್ಲ.

ಒಂಬತ್ತು ದಿನಗಳ ನಂತರ ವಿಚಾರಣೆಯ ಅಧಿಕಾರಿ ಭಾಲ್ಕಿಯ ಚರ್ಚಿಗೆ ಬಂದರು. ಸೌಮ್ಯ ಸ್ವಭಾವದವರು. ರಿಜಿಸ್ಟರು ಕೇಳಿದರು, ಹಿಂದಿನ ಹದಿನೈದು ವರ್ಷದ ಪುಟ ತಿರುವಿದರು. ಆಮೇಲೆ ಪೆನ್ನು ಕೈಯಲ್ಲಿ ಹಿಡಿದು, "ಈ ಮಾಣಿಕಮ್ಮ ನಿಮ್ಮ ಸಭೆಯ ಸದಸ್ಯರಾಗಿದ್ದರೇ?" ಎಂದು ನೇರವಾಗಿ ಕೇಳಿದರು.

"ಇಲ್ಲ" ಎಂದೆ.

ಕಾಗದದ ಮಟ್ಟಿಗೆ ಅದು ಸುಳ್ಳಲ್ಲ. ಅವರು ಅದನ್ನೇ ಬರೆದುಕೊಂಡು ನನ್ನ ಸಹಿ ಪಡೆದು ಹೋದರು. ಆ ಒಂದು ಶಬ್ದದಿಂದ ಸುನೀತಾಳ ಪ್ರಮಾಣಪತ್ರ ಬಂತು, ನೌಕರಿ ಬಂತು. ಅವಳ ತಾಯಿ ಹನ್ನೊಂದು ವರ್ಷ ಕಾಯ್ದದ್ದು ಇದಕ್ಕೇ. ಆದರೂ ಅವರು ಹೋದ ಮೇಲೆ ನಾನು ಖಾಲಿ ಚರ್ಚಿನಲ್ಲಿ ಬಹಳ ಹೊತ್ತು ಕೂತೆ. ಬದುಕಿದ್ದಾಗ ಅವಳನ್ನು ನಮ್ಮವಳೆಂದು ಸೇರಿಸಿಕೊಳ್ಳಲಿಲ್ಲ. ಸತ್ತ ಮೇಲೆ ನಮ್ಮವಳಲ್ಲ ಎಂದು ಸಹಿ ಹಾಕಿಕೊಟ್ಟೆ.

ಮುಂದಿನ ಭಾನುವಾರ ಅವಳ ಹಳ್ಳಿಯಲ್ಲಿ ಎದ್ದು ನಿಂತು, ಕಮಲನಗರದಲ್ಲಿ ನಾನು ಆಡಿದ ಮಾತು ತಪ್ಪು ಎಂದು ಹೇಳಿದೆ. ಕರ್ತನ ಭೋಜನದ ಹೊತ್ತಿನಲ್ಲಿ ಯಾರೂ ಎದ್ದು ಹೋಗಬೇಕಾಗಿಲ್ಲ ಎಂದೂ ಹೇಳಿದೆ. ದೂರು ಹೋಯಿತು. ಸಭೆಯ ಮೇಲಿನವರು ವಿವರಣೆ ಕೇಳಿದರು, ಬರೆದುಕೊಟ್ಟೆ. ಎರಡು ತಿಂಗಳಲ್ಲಿ ನನ್ನನ್ನು ಬೀದರಿನ ಕಚೇರಿ ಕೆಲಸಕ್ಕೆ ಹಾಕಿದರು. ನಿವೃತ್ತಿಯ ತನಕ ನನಗೆ ಸ್ವಂತ ಸಭೆ ಇರಲಿಲ್ಲ. ಅದರ ಬಗ್ಗೆ ದೂರಿಲ್ಲ.

ಸುನೀತಾ ಈಗ ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಾಳೆ. ಚರ್ಚಿಗೆ ಬರುವುದಿಲ್ಲ. ಕಳೆದ ವರ್ಷ ಬೀದರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಮರ್ಯಾದೆಯಿಂದ ಮಾತಾಡಿಸಿದಳು, ತಂದೆ ಆರಾಮ ಇದ್ದಾರೆ ಎಂದಳು. ಬಸ್ಸು ಹತ್ತುವ ಮೊದಲು ಒಂದೇ ಮಾತು ಕೇಳಿದಳು. "ಶುಕ್ರವಾರ ನಾ ಬ್ಯಾಡ ಅಂದಿದ್ದಕ್ಕ ನೀವು ಬಿಟ್ರೇನ್ರಿ?" ಆ ಭಾರವನ್ನು ಅವಳು ಅಷ್ಟು ದಿನ ಹೊತ್ತಿದ್ದಳೆಂದು ನನಗೆ ಆಗ ತಿಳಿಯಿತು. "ಇಲ್ಲವ್ವ. ನಾ ಅಂಜಿ ಬಿಟ್ಟೆ" ಎಂದೆ. ಅವಳು ತಲೆಯಾಡಿಸಿ ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಹೊಸದಾಗಿ ಸೇವೆಗೆ ಸೇರಿದ ಪಾಸ್ಟರ್‌ಗಳು ಕೆಲವೊಮ್ಮೆ ನನ್ನ ಮನೆಗೆ ಬರುತ್ತಾರೆ. ನಂಬಿಕೆ ಮೊದಲೋ ದೀಕ್ಷಾಸ್ನಾನ ಮೊದಲೋ, ಯಾವುದಿಲ್ಲದೆ ರಕ್ಷಣೆ ಇಲ್ಲ ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಇರುವುದನ್ನು ನಾನೂ ಹೇಳುತ್ತೇನೆ. ಆದರೆ ವೃತ್ತಿ ನನಗೆ ಕಲಿಸಿದ್ದು ಬೇರೆ. ಒಬ್ಬ ಮನುಷ್ಯನಲ್ಲಿ ನಂಬಿಕೆ ಎಷ್ಟಿದೆ, ಅವನಿಗೆ ರಕ್ಷಣೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸವನ್ನು ದೇವರು ನನಗೆ ಎಂದೂ ಒಪ್ಪಿಸಿರಲಿಲ್ಲ. ಒಪ್ಪಿಸಿದ್ದು ಒಂದು ಬೊಗಸೆ ನೀರನ್ನು, ಕೇಳಿದವರಿಗೆ ಕೊಡಲಿಕ್ಕೆ. ನನ್ನದಲ್ಲದ ಕೆಲಸವನ್ನು ಮೂವತ್ತು ವರ್ಷ ಶ್ರದ್ಧೆಯಿಂದ ಮಾಡಿದೆ. ನನ್ನದಾಗಿದ್ದ ಕೆಲಸವನ್ನು ಆ ಶುಕ್ರವಾರ ಸೋಮವಾರಕ್ಕೆ ಮುಂದೂಡಿದೆ.